ಧನುಷ್ಕೋಡಿ ಬೋರ್ಡು: ಕೊನೆಗೂ ಮರಳು ಕೂತಿತು

ಉಫ್ ಅಂತ ಊದಿದೆ, ಏಳಲಿಲ್ಲ. ಬೋರ್ಡನ್ನು ಓರೆ ಮಾಡಿ ತಟ್ಟಿದೆ, ಉದುರಲಿಲ್ಲ. ನನ್ನ ಮಾಡೆಲ್ ರೈಲಿನ ಬೋರ್ಡಿನ ಮೇಲೆ ಎರಡೂವರೆ ತಿಂಗಳಿಂದ ತಲೆ ತಿಂದ ಮರಳು ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಗ್ಗಿತು. ಹಳಿ, ವೈರಿಂಗ್, ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್ ಮೋಟಾರು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ. ಈ ಸಲ ಬರೀ ಮರಳಿನ ಮಾತು.

ಹಿಂದಿನ ಕಂತು ಓದದವರಿಗೆ: ನಾನು ಮಾಡುತ್ತಿರುವುದು ರಾಮೇಶ್ವರ ದ್ವೀಪದ ತುದಿಯಲ್ಲಿದ್ದ ಧನುಷ್ಕೋಡಿಯ ಜೆಟ್ಟಿ ಸ್ಟೇಷನ್ನಿನ ಮಾದರಿ, ಅಳತೆ 1:87 (ನಿಜದ 87ರಲ್ಲಿ ಒಂದು ಪಾಲು), ಕಾಲ 1950ರ ದಶಕ. ಮದ್ರಾಸ್ ಎಗ್ಮೋರಿನಿಂದ ಬಂದ ಬೋಟ್ ಮೇಲ್ ರೈಲು ಇಲ್ಲಿ ನಿಲ್ಲುತ್ತಿತ್ತು. ಜನ ಇಳಿದು, ಸ್ಟೀಮರ್ ಹತ್ತಿ, ಸಿಲೋನಿನ (ಈಗಿನ ಶ್ರೀಲಂಕಾ) ತಲೈಮನ್ನಾರಿಗೆ ಹೋಗಿ, ಅಲ್ಲಿ ಕೊಲಂಬೊ ರೈಲು ಹಿಡಿಯುತ್ತಿದ್ದರು. 1914ಕ್ಕೆ ಮೊದಲು ಈ ದಾರಿಯೇ ಇರಲಿಲ್ಲ. ರೈಲು ತೂತ್ತುಕುಡಿಗೆ ಹೋಗುತ್ತಿತ್ತು, ಅಲ್ಲಿಂದ ಕೊಲಂಬೊ ತನಕ ಹಡಗೇ ಗತಿ. ಆ ವರ್ಷದ ಫೆಬ್ರವರಿ 24ಕ್ಕೆ ದ್ವೀಪಕ್ಕೆ ಹೋಗುವ ಪಾಂಬನ್ ರೈಲು ಸೇತುವೆ ಶುರುವಾದ ಮೇಲೆ ಸಮುದ್ರದ ದಾರಿ ಸುಮಾರು 35 ಕಿ.ಮೀ.ಗೆ ಇಳಿಯಿತು. ಪಾಂಬನ್ನಿನಲ್ಲಿ ಹಳಿ ಕವಲೊಡೆದು ಒಂದು ರಾಮೇಶ್ವರಕ್ಕೆ, ಇನ್ನೊಂದು ಧನುಷ್ಕೋಡಿಗೆ. ನಾವೆಲ್ಲ ರಾಮೇಶ್ವರವೇ ಮುಖ್ಯ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬೋಟ್ ಮೇಲ್ ಧನುಷ್ಕೋಡಿ ಕಡೆ ತಿರುಗುತ್ತಿತ್ತು.

ಈಗ ತೊಂದರೆ ಏನಪ್ಪಾ ಅಂದರೆ, ಧನುಷ್ಕೋಡಿ ಅಂದರೆ ಮರಳೇ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ, ನಡುವೆ ಮರಳಿನ ನಾಲಿಗೆ. ಘಟ್ಟದ ಬೋರ್ಡು ಮಾಡುವವರು ಪುಣ್ಯವಂತರು. ಎಲ್ಲಿ ಕೆಲಸ ಕೆಟ್ಟಿತೋ ಅಲ್ಲಿ ಒಂದು ಮರ ನೆಟ್ಟುಬಿಡುತ್ತಾರೆ. ನನಗೆ ಮುಚ್ಚಿಡಲು ಏನೂ ಇಲ್ಲ. ಮೂರರಲ್ಲಿ ಎರಡು ಪಾಲು ಬೋರ್ಡು ಮರಳು. ಅದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ.

ಮೊದಲು ನಿಜವಾದ ಮರಳನ್ನೇ ಹಾಕಿದೆ. ಮಂಗಳೂರಿನ ಮಾವ ಪಣಂಬೂರಿಂದ ಒಂದು ಬಾಟಲಿ ತಂದುಕೊಟ್ಟರು. (ಅವರು ಜೆಟ್ಟಿ ಅನ್ನುವುದಿಲ್ಲ, "ನಿನ್ನ ಧಕ್ಕೆ ಕೆಲಸ ಎಲ್ಲಿಗೆ ಬಂತು?" ಅಂತಲೇ ಕೇಳುವುದು.) ಹಾಕಿ ನೋಡಿದರೆ ಅದು ಮರಳಲ್ಲ, ಜಲ್ಲಿ. ಲೆಕ್ಕ ಹಾಕಿ: ಅರ್ಧ ಮಿಲಿಮೀಟರಿನ ಕಾಳು, 87ರಿಂದ ಗುಣಿಸಿದರೆ ನಾಲ್ಕು ಸೆಂಟಿಮೀಟರಿಗೂ ಜಾಸ್ತಿ. ನನ್ನ ಪ್ಯಾಸೆಂಜರುಗಳು ಬರಿಗಾಲಲ್ಲಿ ಜಲ್ಲಿ ತುಳಿಯುತ್ತಿದ್ದರು. ಅದಾದರೂ ಸಹಿಸಬಹುದಿತ್ತು. ಮೂರನೇ ದಿನ ಇಂಜಿನ್ ಮುಕ್ಕಿ ಮುಕ್ಕಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಮೋಟಾರಿನ ಅಯಸ್ಕಾಂತಕ್ಕೆ ಕಪ್ಪು ಗಡ್ಡ ಬೆಳೆದಿದೆ! ಕಡಲ ಮರಳಿನಲ್ಲಿ ಕಬ್ಬಿಣದ ಅಂಶದ ಕರಿ ಕಾಳು ಇರುತ್ತದೆ ಅಂತ ಓದಿದ್ದೆ, ತಲೆಗೆ ಹೋಗಿರಲಿಲ್ಲ. ನೀವು ಯಾವ ಮರಳು ತಂದರೂ ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಅಯಸ್ಕಾಂತ ಸುತ್ತಿ ಒಂದು ಸಲ ಆಡಿಸಿ ನೋಡಿ. ಗಡ್ಡ ಬಂದರೆ ಆ ಮರಳನ್ನು ಇಂಜಿನ್ ಹತ್ತಿರಕ್ಕೂ ಬಿಡಬೇಡಿ.

ಎರಡನೆಯದು ಅಕ್ಕಿಹಿಟ್ಟು. ನುಣ್ಣಗಿದೆ, ಬೆಳ್ಳಗಿದೆ, ಮನೆಯಲ್ಲೇ ಇದೆ ಅಂತ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಪ್ಲಾಟ್‌ಫಾರಂ ತುಂಬಾ ಇರುವೆ. ಬೋಟ್ ಮೇಲಿಗೂ ಅಷ್ಟು ರಶ್ ಇದ್ದಿರಲಿಕ್ಕಿಲ್ಲ.

ಮೂರನೆಯದು ರಂಗೋಲಿ ಪುಡಿ. ಪುಡಿ ಸರಿಯಾಗೇ ಇತ್ತು, ನನ್ನ ಕೈ ಸರಿ ಇರಲಿಲ್ಲ. ಪುಡಿ ಹರಡಿ, ನೀರು ಬೆರೆಸಿದ ಫೆವಿಕಾಲ್ ಹನಿ ಹಾಕಿದೆ. ಹನಿ ಇಂಗಲಿಲ್ಲ. ನುಣ್ಣನೆ ಪುಡಿಯ ಮೇಲೆ ಮುತ್ತಿನ ಹಾಗೆ ಉರುಳಿ, ಉರುಳಿದಲ್ಲೆಲ್ಲ ಗುಂಡಿ. ಧನುಷ್ಕೋಡಿ ಹೋಗಿ ಚಂದ್ರಲೋಕ ಆಯಿತು. ಪಾತ್ರೆ ತೊಳೆಯುವ ಸೋಪಿನ ನೀರು ಒಂದು ತೊಟ್ಟು ಸೇರಿಸಿದ ಮೇಲೆ ಇಂಗಿತು ನಿಜ. ಆದರೆ ಒಣಗಿದಾಗ ಬಣ್ಣ ಕಂದಿ, ಮೇಲೆಲ್ಲ ಬಿರುಕು. ಸಿಮೆಂಟ್ ಗಾರೆ ಮಾಡಿದ ಅಂಗಳದ ಹಾಗೆ. ಎರಡು ಭಾನುವಾರ ಉಳಿಯಿಂದ ಕೆತ್ತಿ ತೆಗೆದೆ.

ಗೆದ್ದಿದ್ದು ಕ್ರಮವನ್ನು ತಿರುಗಿಸಿದ ಮೇಲೆ. ಪುಡಿ ಮೇಲೆ ಅಂಟಲ್ಲ, ಅಂಟಿನ ಮೇಲೆ ಪುಡಿ. ಆ ಅಂಟು ಕೂಡ ಫೆವಿಕಾಲ್ ಅಲ್ಲ, ಗೋಡೆಗೆ ಬಳಿಯುವ ಹೊಳಪಿಲ್ಲದ ಎಮಲ್ಷನ್ ಪೇಂಟು. ತಿಳಿ ಗೋಧಿ ಬಣ್ಣದ್ದು ತಂದೆ. ಫ್ಯಾನ್ ಆಫ್ ಮಾಡಿ, ಹಳಿಗೆ ಟೇಪ್ ಅಂಟಿಸಿ, ಅಂಗೈಯಗಲ ಜಾಗಕ್ಕೆ ಮಾತ್ರ ದಪ್ಪಗೆ ಬಳಿಯುವುದು. ಹಸಿ ಇರುವಾಗಲೇ ಹಳೆ ಪಂಚೆ ಬಟ್ಟೆಯಲ್ಲಿ ಕಟ್ಟಿದ ರಂಗೋಲಿ ಪುಡಿಯನ್ನು ಮೇಲಿಂದ ತಟ್ಟುವುದು. ಬಟ್ಟೆಯಿಂದ ಇಳಿದದ್ದು ಹೊಗೆಯಷ್ಟು ನುಣ್ಣಗೆ. ಪೇಂಟು ಬೇಕಾದಷ್ಟನ್ನು ಕುಡಿಯುತ್ತದೆ, ಮಿಕ್ಕಿದ್ದು ಮೇಲೆ ಸಡಿಲವಾಗಿ ನಿಲ್ಲುತ್ತದೆ. ಒಂದು ರಾತ್ರಿ ಬಿಟ್ಟು ಮೆತ್ತನೆ ಬ್ರಷ್‌ನಲ್ಲಿ ಗುಡಿಸಿದರೆ ಆಯಿತು.

ಆಮೇಲಿನ ಬುದ್ಧಿ ನನ್ನದಲ್ಲ, ಸೀನಿನದು. ಗುಡಿಸುವ ಮೊದಲೇ ಒಂದು ಜೋರು ಸೀನು ಬಂತು. ಕಣ್ಣು ಬಿಟ್ಟು ನೋಡಿದರೆ ಸಡಿಲ ಪುಡಿ ಎಲ್ಲ ಒಂದೇ ದಿಕ್ಕಿಗೆ ಓಡಿ, ಪ್ರತಿ ಸ್ಲೀಪರಿನ (ಹಳಿ ಕೆಳಗಿನ ಅಡ್ಡಪಟ್ಟಿ) ಮರೆಯಲ್ಲಿ ಪುಟ್ಟ ದಿಬ್ಬವಾಗಿ ನಿಂತಿದೆ. ಗಾಳಿ ಬರುವ ಕಡೆ ಸ್ಲೀಪರ್ ಬೋಳು, ಆಚೆ ಕಡೆ ಬಾಲದ ಹಾಗೆ ಮರಳು. ನಿಜವಾದ ಗಾಳಿ ಮಾಡುವುದೂ ಅದನ್ನೇ ಅಲ್ವಾ! ಈಗ ಸೀನುವುದಿಲ್ಲ, ಎಳನೀರಿನ ಸ್ಟ್ರಾ ಇಟ್ಟು ಊದುತ್ತೇನೆ. ತಂಗಿಯ ಹೇರ್‌ಸ್ಪ್ರೇಯನ್ನು ಒಂದೂವರೆ ಅಡಿ ದೂರದಿಂದ ಮೂರು ಸಲ ಹೊಡೆದರೆ ದಿಬ್ಬ ಅಲ್ಲೇ ನಿಲ್ಲುತ್ತದೆ.

"ಹಬ್ಬಕ್ಕೆ ಅಂತ ಎತ್ತಿಟ್ಟಿದ್ದು ಕಣೋ" ಅಂತ ಅಮ್ಮ ರಂಗೋಲಿ ಪುಡಿಯ ಖಾಲಿ ಡಬ್ಬಿ ತೋರಿಸಿದರು. ಬಂದು ನೋಡಿದ ಮೇಲೆ "ಇಷ್ಟು ಪುಡೀಲಿ ಇಡೀ ಬೀದಿಗೆ ರಂಗೋಲಿ ಹಾಕ್ತಿದ್ದೆ" ಅಂದರು. ಹೊಗಳಿಕೆ ಅಂತಲೇ ತಗೊಂಡಿದ್ದೇನೆ.

ಇನ್ನು ಮಾಮೂಲಿ ಗೋಳು. 12 ಮಿ.ಮೀ. ಗೇಜಿನ (ಎರಡು ಕಂಬಿಗಳ ನಡುವಿನ ಅಂತರ) ಹಳಿ ಕೇಳಿದರೆ ಏಳು ವಾರ ಕಾಯಿಸಿ 9 ಮಿ.ಮೀ. ಕಳಿಸಿದ ಪುಣ್ಯಾತ್ಮರು "ಸರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಗೇಜನ್ನು ಹೇಗೆ ಸ್ವಾಮಿ ಅಡ್ಜಸ್ಟ್ ಮಾಡುವುದು? ಬೊಂಬೆ ಮಾರುವವರು ಬೇರೆ. ಎಲ್ಲ ಕೋಟು, ಹ್ಯಾಟು, ಚಳಿಗಾಲದ ಬೂಟು. ಸಿಲೋನಿನ ತೋಟಕ್ಕೆ ದುಡಿಯಲು ಹೊರಟು, ರೋಗ ತಪಾಸಣೆಯ ಮಂಡಪಂ ಕ್ಯಾಂಪಿನಲ್ಲಿ ದಿನ ಕಳೆದು ಬಂದವರು ಈ ಜೆಟ್ಟಿಯಲ್ಲಿ ಹಡಗು ಹತ್ತುತ್ತಿದ್ದರು. ತಲೆ ಮೇಲೆ ಗಂಟು ಹೊತ್ತವರು ನನಗೆ ಬೇಕು. ಅಂಥವರು ಯಾವ ಪ್ಯಾಕೆಟ್ಟಿನಲ್ಲೂ ಇಲ್ಲ. ಹ್ಯಾಟು ಕತ್ತರಿಸಿ ಎಂ-ಸೀಲಿನಲ್ಲಿ ಗಂಟು ಮಾಡುತ್ತಿದ್ದೇನೆ. ಇಪ್ಪತ್ತಮೂರು ಆಗಿದೆ.

ಹಾಳು ಬಿದ್ದ ಧನುಷ್ಕೋಡಿ ಮಾಡು, ನೋಡಲು ಚೆನ್ನಾಗಿರುತ್ತದೆ ಅಂತ ಇಬ್ಬರು ಹೇಳಿದರು. ಇಲ್ಲ. ಚಂಡಮಾರುತ ಬಂದ 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್ನಿನಿಂದ ಹೊರಟ 653 ನಂಬರಿನ ಪ್ಯಾಸೆಂಜರ್ ಇಲ್ಲಿಗೆ ತಲುಪಲೇ ಇಲ್ಲ. ಅಲೆ ಗಾಡಿಯನ್ನೇ ಎಳೆದುಕೊಂಡಿತು, ಒಬ್ಬರೂ ಉಳಿಯಲಿಲ್ಲ. ಅದೇ ಚಂಡಮಾರುತಕ್ಕೆ ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಇಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಮತ್ತೆ ನಿಲ್ಲಿಸಿದರು. ಧನುಷ್ಕೋಡಿಯ ಹಳಿಯನ್ನು ಮಾತ್ರ ಯಾರೂ ಮತ್ತೆ ಹಾಕಲಿಲ್ಲ. ನನ್ನ ಬೋರ್ಡಿನಲ್ಲಿ ಬೋಟ್ ಮೇಲ್ ಬರುತ್ತದೆ, ಗೂಡ್ಸ್ ಬರುತ್ತದೆ. ಆ ಪ್ಯಾಸೆಂಜರ್ ಮಾಡುವುದಿಲ್ಲ.

ಮುಂದಿನ ಪ್ಲಾನು? ಪಾಂಬನ್ ಸೇತುವೆ ಅಂತ ಆಸೆ ಇತ್ತು. 2,065 ಮೀಟರನ್ನು 87ರಿಂದ ಭಾಗಿಸಿದರೆ 23 ಮೀಟರಿಗೂ ಉದ್ದ. ಅಡುಗೆಮನೆ ದಾಟಿ, ಕಾಂಪೌಂಡ್ ದಾಟಿ, ಎದುರು ಮನೆಯವರ ತುಳಸಿಕಟ್ಟೆ ತನಕ ಹೋಗುತ್ತದೆ. ಹಡಗಿಗೆ ದಾರಿ ಬಿಡಲು ಮೇಲೆತ್ತುವ ಭಾಗ ಒಂದನ್ನೇ ಮಾಡುತ್ತೇನೆ, ಅದೂ ಆಮೇಲೆ.

ಅದಕ್ಕಿಂತ ಮೊದಲು ತಲೈಮನ್ನಾರ್. ನಮ್ಮ ಕಡೆ ಮೀಟರ್ ಗೇಜ್, ಸಿಲೋನಿನ ಕಡೆ ಐದೂವರೆ ಅಡಿಯ ಬ್ರಾಡ್ ಗೇಜ್. 1:87ಕ್ಕೆ ಅದು 19.3 ಮಿ.ಮೀ. ಆ ಹಳಿಯಂತೂ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಹಾಕಬೇಕು. ಬ್ರಾಡ್ ಗೇಜ್ ಹುಚ್ಚಿನ ಗೆಳೆಯನೊಬ್ಬ ಒಪ್ಪಿದ್ದಾನೆ, ಅವನ ಮನೆಯಲ್ಲೇ ಬೋರ್ಡು. 35 ಕಿ.ಮೀ. ಸಮುದ್ರ ನಮ್ಮ ಅಳತೆಗೆ ಸುಮಾರು 400 ಮೀಟರ್, ಅವನ ಮನೆ ಹೆಚ್ಚು ಕಡಿಮೆ ಅಷ್ಟೇ ದೂರ. ಈ ದಾರಿಯಲ್ಲಿ ಓಡುತ್ತಿದ್ದ ಇರ್ವಿನ್ ಸ್ಟೀಮರಿನ ಮಾದರಿ ಮಾಡಿ ಮುಗಿಸಿದ ಮೇಲೆ ಅದನ್ನು ಬಿಗ್‌ಶಾಪರ್ ಚೀಲದಲ್ಲಿಟ್ಟು ನಾನೇ ದಾಟಿಸಬೇಕು. ನಡುಸಮುದ್ರದಲ್ಲಿ ಒಂದು ಟೀ ಅಂಗಡಿ ಇದೆ.