‘ಮಾವಿನ ಮರ’ ಹೋಗಿ ‘ಬಾವಿದ ಬರ’ ಆಗಿದ್ದರೆ

‘ಮಾವಿನ ಮರ’ ಅಂತ ಹೇಳಿಸಿ ನೋಡಿ. ನೆಗಡಿಯಿಲ್ಲದ ದಿನವೂ ಮಗು ‘ಬಾವಿದ ಬರ’ ಅಂದರೆ ಮೂಗಿನ ಹಿಂದೆ ದಾರಿ ಕಟ್ಟಿದೆ ಅಂತ ಅರ್ಥ. 3ರಿಂದ 7 ವರ್ಷದವರಲ್ಲಿ ಇದರ ಹಿಂದೆ ಸಾಮಾನ್ಯವಾಗಿ ಇರುವುದು ಊದಿದ ಅಡಿನಾಯ್ಡ್. ಟಾನ್ಸಿಲ್ ಜಾತಿಯದೇ, ಆದರೆ ಕಿರುನಾಲಿಗೆಯ ಮೇಲೆ ಮರೆಯಲ್ಲಿರುವುದರಿಂದ ಟಾರ್ಚ್ ಬಿಟ್ಟರೂ ಕಾಣದು. ಪಕ್ಕದಿಂದ ತೆಗೆದ ಎಕ್ಸ್‌ರೇ ಅಥವಾ ಮೂಗಿನೊಳಗೆ ಬಿಡುವ ಸಣ್ಣ ಕ್ಯಾಮೆರಾ ಬೇಕು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ವಿಡಿಯೊ ಮಾಡಿಕೊಳ್ಳಿ: ಮಗು ಗಾಢ ನಿದ್ದೆಯಲ್ಲಿದ್ದಾಗ ಹೊದಿಕೆ ಸರಿಸಿ, ಮುಖ ಎದೆ ಎರಡೂ ಕಾಣುವಂತೆ, 2 ನಿಮಿಷ. ಬರೀ ಗೊರಕೆಯಾದರೆ ಅವಸರವಿಲ್ಲ. ಗೊರಕೆ ತಟ್ಟನೆ ನಿಂತು, ಎದೆ ಮಾತ್ರ ಒಳಗೆ ಸೆಳೆದು, ಆಮೇಲೆ ಬೆಚ್ಚಿದಂತೆ ಉಸಿರೆಳೆದುಕೊಂಡರೆ ತಡಮಾಡಬೇಡಿ.

ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ‘ಸ್ಪ್ರೇ ಹಾಕಿದ್ವಿ, ಕೇಳಲಿಲ್ಲ’ ಅನ್ನುವವರಲ್ಲಿ ಎಷ್ಟೋ ಮಂದಿ ಹಾಕಿದ ರೀತಿಯೇ ತಪ್ಪು. ಮೊದಲು ಸಲೈನ್ ಹನಿ ಹಾಕಿ ಸಿಂಬಳ ತೆಗೆಯಿರಿ, ಹತ್ತು ನಿಮಿಷ ಬಿಡಿ. ಮಗು ತಲೆ ಸ್ವಲ್ಪ ಮುಂದೆ ಬಗ್ಗಿಸಲಿ. ಎಡ ಹೊಳ್ಳೆಗಾದರೆ ಬಾಟಲಿಯ ತುದಿ ಎಡಗಿವಿಯ ಕಡೆಗೆ, ಬಲಕ್ಕೆ ಬಲಗಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ, ಜೋರಾಗಿ ಸೊರಕ್ ಅಂತ ಎಳೆದರೆ ಔಷಧಿ ಗಂಟಲಿಗಿಳಿಯುತ್ತದೆ. ದಿನಾ ತಪ್ಪದೆ 6–8 ವಾರ ಹಾಕದೆ ಕೆಲಸ ಮಾಡಲಿಲ್ಲ ಅನ್ನಬೇಡಿ. ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಹನಿ ಬೇರೆ. ಅದನ್ನು 5 ದಿನ ಮೀರಿಸಿದರೆ ಮೂಗು ಇನ್ನೂ ಕಟ್ಟುತ್ತದೆ. ಮೂಗಿಗೆ ಎಣ್ಣೆ ಬಿಡುವ ಅಜ್ಜಿಯರನ್ನು ಮೆತ್ತಗೆ ತಡೆಯಿರಿ, ಅದು ಶ್ವಾಸಕೋಶಕ್ಕೆ ಇಳಿದರೆ ಕಷ್ಟ.

ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಅಡಿನಾಯ್ಡ್ ಅಲ್ಲ, ಹುಣಸೆಬೀಜವನ್ನೋ ಬಳಪವನ್ನೋ ತುರುಕಿಕೊಂಡಿರಬಹುದು. ಬಟನ್ ಬ್ಯಾಟರಿಯ ಅನುಮಾನವಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ.

ಟಿವಿ ಸೌಂಡ್ ಏರಿಸುತ್ತಾ ಹೋಗುವ ಮಗುವಿಗೆ ಕಿವಿ ಪರೀಕ್ಷೆಯನ್ನೂ ಮಾಡಿಸಿ. ಅಡಿನಾಯ್ಡ್ ಊದಿದ್ದರಿಂದ ಕಿವಿಪೊರೆಯ ಹಿಂದೆ ನೀರು ನಿಂತಿರಬಹುದು.

ವಯಸ್ಸಾದಂತೆ ಅಡಿನಾಯ್ಡ್ ತಾನೇ ಕುಗ್ಗುತ್ತದೆ, ಹಾಗಾಗಿ ಎಲ್ಲರಿಗೂ ಆಪರೇಷನ್ ಬೇಡ. ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ, ಕಿವಿಯಲ್ಲಿ 3 ತಿಂಗಳಾದರೂ ನೀರು ಆರದವರಿಗೆ ಬೇಕಾಗಬಹುದು. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ತೆಗೆಯುತ್ತಾರೆ, ಹೊರಗೆ ಗಾಯವಿಲ್ಲ. ಒಂದು ವಾರ ಬಾಯಿ ವಾಸನೆ ಬಂದರೆ ಗಾಬರಿ ಬೇಡ. ಮಗು ನಿದ್ದೆಯಲ್ಲಿ ಪದೇ ಪದೇ ಗುಟುಕರಿಸುತ್ತಿದ್ದರೆ ಮಾತ್ರ ಎಬ್ಬಿಸಿ ಬಾಯಿ ನೋಡಿ: ಒಳಗೊಳಗೇ ರಕ್ತ ನುಂಗುತ್ತಿರಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.