ಚೀಟಿಯ ಗಡುವು ಇನ್ನೂ ಏಳು ದಿನ

24 ಡಿಸೆಂಬರ್ 2024, ಮಂಗಳವಾರ
ಗಂಗಾವತಿ, ರಾತ್ರಿ ಹನ್ನೊಂದೂವರೆ

ಕರ್ಚಿಕಾಯಿ ಕರಿದು ಮುಗಿಸುವಷ್ಟರಲ್ಲಿ ಹತ್ತಾಗಿತ್ತು. ಮೂರು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಎಣ್ಣೆ ವಾಸನೆ ಹೋಗಿಲ್ಲ. ನಿನ್ನೆ ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತೇ ಬಂದೆ, ಆ ಕಥೆ ಬೇಡ ಬಿಡಿ. ಇವತ್ತು ಬರೆಯಬೇಕು ಅನ್ನಿಸಿದ್ದು ನಮ್ಮ ಅಲಮಾರಿ ಬಾಗಿಲಿನ ವಿಷಯ.

ಮನೆಗೆ ಬಂದವರಿಗೆಲ್ಲ ಆ ಬಾಗಿಲು ಗೊತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಚರ್ಚಿನಲ್ಲಿ ತಟ್ಟೆ ತುಂಬ ವಾಗ್ದಾನದ ಚೀಟಿ ಇಡುತ್ತಾರೆ. ಒಬ್ಬೊಬ್ಬರು ಒಂದೊಂದು ಎತ್ತಬೇಕು. ಅದರಲ್ಲಿರುವ ವಚನ ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಅಪ್ಪ ಎಲ್ಲರ ಚೀಟಿಯನ್ನೂ ತಂದು ಅಲಮಾರಿಗೆ ಅಂಟಿಸಿ, ಕೆಳಗೆ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದ. ಮುಂದಿನ ಕ್ರಿಸ್ಮಸ್ ಹಿಂದಿನ ರಾತ್ರಿ ನಮ್ಮನ್ನೆಲ್ಲ ಅದರ ಮುಂದೆ ಕೂರಿಸಿಕೊಂಡು, "ಹೂಂ, ಹೇಳ್ರಿ, ದೇವರು ಮಾತು ನಡಿಸ್ಯಾನೋ ಇಲ್ಲೋ?" ಅಂತ ಲೆಕ್ಕ ಕೇಳುತ್ತಿದ್ದ.

ಈ ವರ್ಷ ಕೇಳುವವರಿಲ್ಲ. ಸುಮ್ನೆ ನಾನೇ ನಿಂತು ಓದಿದೆ.

ತಮ್ಮನದು ಯೆಶಾಯ 43. ನೀರನ್ನು ದಾಟುವಾಗ ನಿನ್ನ ಜೊತೆ ಇರುತ್ತೇನೆ, ಹೊಳೆ ನಿನ್ನನ್ನು ಮುಳುಗಿಸುವುದಿಲ್ಲ ಅನ್ನೋ ಅರ್ಥದ ವಚನ. ನಾಲ್ಕು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಭತ್ತ ಹಾಕುವವನಿಗೆ ನೀರಿನ ಮಾತು ಬಂದಿದ್ದಕ್ಕೆ ಆಗ ಎಲ್ಲರಿಗೂ ಖುಷಿ. ಆಮೇಲೆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತು. ಒತ್ತಡ ಕಮ್ಮಿ ಮಾಡಲು ಉಳಿದ ಗೇಟುಗಳನ್ನೂ ಎತ್ತಿದರು. ತುಂಬಿದ್ದ ಡ್ಯಾಮು, ನಾಟಿ ಮುಗಿದು ವಾರವೂ ಆಗಿರದ ಗದ್ದೆ, ಬೆಳೆಗೆ ಅಂತ ಕೂಡಿಟ್ಟ ನೀರೆಲ್ಲ ಹೊಳೆಪಾಲು. ತಮ್ಮ ಫೋನ್ ಮಾಡಿ ಅಂದ: "ಮುಳುಗಸಂಗಿಲ್ಲ ಅಂತ ಬರದಿತ್ತಲ್ಲಕ್ಕಾ, ಖರೇ ಆತ ನೋಡು. ಮುಳುಗಾಕ ನೀರರ ಎಲ್ಲೈತಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಾರದೊಳಗೆ ಡ್ಯಾಮಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಅಡ್ಡಹಲಗೆ, ಇಳಿಸಿತು. ಆ ವಾರವಿಡೀ ನಮ್ಮ ಮನೆಯ ರಾತ್ರಿ ಪ್ರಾರ್ಥನೆಯಲ್ಲಿ ನಾಯ್ಡು ಅವರ ಹೆಸರಿತ್ತು. ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೋ, ಅವ್ವನಿಗೆ ಅದೆಲ್ಲ ಬೇಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಡ್ಯಾಮು ಮತ್ತೆ ತುಂಬಿತು. ಎಕರೆಗೆ ಮೂವತ್ತಾರು ಚೀಲ ಬಂತು. ರೇಟು ಮಾತ್ರ ಕೇಳಬೇಡಿ.

ನನ್ನ ಚೀಟಿಯಲ್ಲಿ ಏನಿತ್ತು ಅಂತ ಹೇಳಲ್ಲ. ಅದು ಇನ್ನೂ ಆಗಿಲ್ಲ.

ಅಪ್ಪನದು ಕೀರ್ತನೆ 91ರ ಕೊನೆಯ ವಚನ. ದೀರ್ಘಾಯುಷ್ಯ ಕೊಡುತ್ತೇನೆ ಅನ್ನೋದು. ಅಪ್ಪ ಹೋಗಿದ್ದು ಏಪ್ರಿಲ್‌ನಲ್ಲಿ, ಅರವತ್ತೆಂಟಕ್ಕೆ. ನಾಳೆ ಮನೆಗೆ ನೆಂಟರು ಬರುತ್ತಾರೆ, ಓದುತ್ತಾರೆ, ಮುಖ ಸಣ್ಣ ಮಾಡುತ್ತಾರೆ. ಅದೆಲ್ಲ ಯಾಕೆ ಅಂತ ಚಾಕುವಿನ ತುದಿಯಿಂದ ಮೂಲೆ ಕೆರೆಯಲು ಶುರು ಮಾಡಿದೆ. ಅವ್ವ ಹಿಂದೆ ಬಂದು ನಿಂತಿದ್ದು ಗೊತ್ತೇ ಆಗಲಿಲ್ಲ.

"ಯಾಕ ತಗೀತಿ? ಇನ್ನಾ ಏಳು ದಿನ ಐತಿ ಅದರ ಗಡುವು."

"ನಾಕ ತಿಂಗಳಿಗೆ ಸುಳ್ಳಾತಲ್ಲವ್ವ, ಇನ್ನೇನು ಗಡುವು?"

ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಎಂಟು ತಿಂಗಳಿಂದ ಆ ಸಿಟ್ಟು ಒಳಗೇ ಇತ್ತು, ಹೊರಗೆ ಬರಲು ಇವತ್ತೇ ಆಗಬೇಕಿತ್ತಾ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಮೇಲೆ ಕೂತಳು.

"ಸುಳ್ಳಾಗಿಲ್ಲ ಅದು. ಅದು ನಿಮ್ಮಪ್ಪಂದಲ್ಲ, ನಂದು."

ಹೋದ ವರ್ಷ ಅಪ್ಪ ತನ್ನ ಚೀಟಿ ಓದಿ, ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡನಂತೆ. ಆಗಲೇ ಕೆಮ್ಮು ಶುರುವಾಗಿತ್ತು. ಅವ್ವ ಎತ್ತಿದ್ದು ದೀರ್ಘಾಯುಷ್ಯ. ಮನೆಗೆ ಬಂದು ಅಂಟು ಹಚ್ಚುವಾಗ "ಇದನ್ನ ನೀವಿಟ್ಕೊಳ್ರಿ" ಅಂತ ಕೊಟ್ಟಳಂತೆ. "ದೇವರಿಗೇ ಟೋಪಿ ಹಾಕ್ತೀಯೇನ?" ಅಂತ ಅಪ್ಪ ನಕ್ಕನಂತೆ.

ಹತ್ತಿರ ಹೋಗಿ ನೋಡಿದೆ. ಅಪ್ಪನ ಹೆಸರಿನ ಮುಂದೆ ಒಂದು ಅಕ್ಷರ ಬರೆದು ಕಾಟು ಹೊಡೆದಿದೆ. ಅವ್ವನ ಹೆಸರಿನ ಮೊದಲ ಅಕ್ಷರ. ಅಪ್ಪನ ಕೈತಪ್ಪು ಅಂದುಕೊಂಡಿದ್ದೆ. ಮಣ್ಣಿಗೆ ಕೊಟ್ಟು ಬಂದ ದಿನವೂ ಅದರ ಮುಂದೆಯೇ ಕೂತಿದ್ದೆನಲ್ಲ!

"ಈಗ ಆ ಆಯುಷ್ಯ ತಿರುಗಿ ನನಗ ಬಿತ್ತು," ಅಂದಳು ಅವ್ವ. "ಏನ್ ಮಾಡ್ಲಿ ತಗೊಂಡು?"

ಅಷ್ಟರಲ್ಲಿ ತಮ್ಮ ಒಳಗೆ ಬಂದ. ಮಾಳಿಗೆ ಮೇಲಿನ ನಕ್ಷತ್ರದ ಬಲ್ಬು ಹೋಗಿದೆಯಂತೆ, ಜೀರೋ ಬಲ್ಬು ಎಲ್ಲೈತಿ ಅಂತ. ಅವ್ವ ಕಣ್ಣು ಒರೆಸಿಕೊಳ್ಳದೇ ಅವನಿಗೆ ಬೈಯಲು ಶುರು ಮಾಡಿದಳು. ಸಂಜೆಯೇ ಹೇಳಿದ್ದೆ, ನಿನ್ನ ತಲಿಯಾಗ ಬರೇ ಟ್ರ್ಯಾಕ್ಟರ್ ಐತಿ, ಹೀಗೆ. ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು, ಅವನಿಗೆ ಹೇಳಬ್ಯಾಡ ಅಂತ. ತಮ್ಮ ಇದನ್ನೆಲ್ಲ ಓದಲ್ಲ, ಹಾಗಾಗಿ ಬರೆಯುತ್ತಿದ್ದೀನಿ.

ಹಾಗಾದರೆ ಅಪ್ಪನಿಗೆ ಬಂದ ಚೀಟಿ? ಅವ್ವನ ಹೆಸರಿನ ಜಾಗದಲ್ಲಿ ಈ ವರ್ಷ ಏನೂ ಅಂಟಿಸಿಲ್ಲ. ಈಗ ಕೇಳಿದರೆ, "ಬೈಬಲ್ಲಿನಾಗ ಐತಿ" ಅಂದು ಎದ್ದು ಹೋದಳು.

ಅಪ್ಪನ ಬೈಬಲ್ ಈಗ ನನ್ನ ಮಡಿಲಲ್ಲಿದೆ. ಬೆನ್ನಿಗೆ ಚರ್ಮದ ಬಣ್ಣದ ಟೇಪು ಸುತ್ತಿದ್ದಾನೆ. ನನಗೆ ಬಳ್ಳಾರಿಯಲ್ಲಿ ನೌಕರಿ ಸಿಕ್ಕಾಗ ಇದನ್ನೇ ಕೈಯಲ್ಲಿ ಹಿಡಿದು, "ಕನ್ನಡ ಬೈಬಲ್ಲಿನ ತವರುಮನೀಗೆ ಹೊಂಟೀಯವ್ವ" ಅಂದಿದ್ದ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಪ್ಪತ್ತು ವರ್ಷ ಹಿಡಿದು ಅದನ್ನು ಕನ್ನಡಕ್ಕೆ ತಂದ ಕಥೆಯನ್ನು ಬಸ್ ಸ್ಟ್ಯಾಂಡಿನವರೆಗೂ ಹೇಳಿದ್ದ. ಬಸ್ಸು ತಪ್ಪೀತು ಅಂತ ನನಗೆ ಗಾಬರಿ, ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಚೀಟಿ ಸಿಕ್ಕಿತು. ಯೋಬನ ಪುಸ್ತಕದ ನಡುವೆ, ನಾಲ್ಕು ಮಡಿಕೆ. ಬಿಚ್ಚೋಣ ಅನ್ನುವಾಗ ಬೀದಿಯಲ್ಲಿ ಡೋಲಕ್ ಶಬ್ದ. ಕ್ಯಾರಲ್ಸ್‌ನವರು. ಈ ಸಲ ತೆಲುಗಿನವರ ಕ್ಯಾಂಪಿನ ಹುಡುಗರು ಜಾಸ್ತಿ ಇದ್ದಾರೆ ಅನ್ಸುತ್ತೆ, ಮೊದಲ ಹಾಡೇ ತೆಲುಗಿನಲ್ಲಿ. ನಕ್ಷತ್ರ ಇನ್ನೂ ಹತ್ತಿಲ್ಲ. ಕರ್ಚಿಕಾಯಿ ಡಬ್ಬಿ ಎಲ್ಲಿಟ್ಟೆ ಅಂತ ಅವ್ವ ಕೂಗುತ್ತಿದ್ದಾಳೆ