ಆಡಿದವನು ಕಲಿಸಲು ನಿಂತ ಬೆಳಗು

ಮೇ ತಿಂಗಳ ಬಳ್ಳಾರಿಯಲ್ಲಿ ಸ್ಕೇಟಿಂಗ್ ಅಭ್ಯಾಸಕ್ಕೆ ಸಿಗುವುದು ಬೆಳಗಿನ 6ರಿಂದ 7.30ರವರೆಗಿನ ಹೊತ್ತು ಮಾತ್ರ. 8 ದಾಟಿತೆಂದರೆ ಸಿಮೆಂಟ್ ನೆಲ ಕಾಯುತ್ತದೆ, ಪಾಲಿಯುರೆಥೇನ್ ಗಾಲಿ ಮೆತ್ತಗಾಗಿ ನೆಲ ಹಿಡಿದು ಎಳೆಯುತ್ತದೆ, ಬಿದ್ದ ಮಗುವಿನ ಅಂಗೈ ಚುರುಗುಟ್ಟುತ್ತದೆ. ಆ ಭಾನುವಾರ 5.45ಕ್ಕೇ 16 ಮಕ್ಕಳು ರಿಂಕಿಗೆ ಬಂದಿದ್ದರು. ಕಲಿಸಲು ನಿಂತವನು ಇದೇ ಊರಿನ ಹುಡುಗ. ವರ್ಷಗಟ್ಟಲೆ ಇನ್‌ಲೈನ್ ಹಾಕಿ (ಒಂದೇ ಸಾಲಿನ ಗಾಲಿಗಳ ಸ್ಕೇಟ್ ಕಟ್ಟಿ ಆಡುವ ಹಾಕಿ) ಆಡಿದವನು, ಕೋಚ್ ಆಗಿ ಅದು ಅವನ ಮೊದಲ ದಿನ. ಹಿಂದಿನ ರಾತ್ರಿ ನನ್ನನ್ನು ಫೋನಿನಲ್ಲಿ ಕೇಳಿದ್ದ: "ಸರ್, ಐಸ್ ಹಾಕಿ ಪ್ಲೇಯರ್‌ಗಳು ಬ್ಯಾರೆ ದೇಶಕ್ಕ ಹೋಗಿ ಕೋಚ್ ಆಗ್ತಾರಲ್ರಿ, ಭಾಷಾನೂ ಬರಂಗಿಲ್ಲ, ಹೆಂಗ ಮಾಡ್ತಾರ್ರಿ ಅವ್ರು?" ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಬೆಳಿಗ್ಗೆ ರಿಂಕಿನಲ್ಲೇ ನೋಡೋಣ ಎಂದಾಯಿತು.

ಮೊದಲು ಕಸಬರಿಗೆ ಹಿಡಿಯಬೇಕು. ಅದಿರಿನ ಸೀಮೆ ಇದು. ರಾತ್ರಿ ಬೀಸಿದ ಗಾಳಿಗೆ ಕೆಂಪು ಧೂಳು ರಿಂಕಿನ ತುಂಬ ಬಂದು ಕೂತಿರುತ್ತದೆ. ಧೂಳಿನ ಮೇಲೆ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಜಾರದಿರುವುದು ಸಣ್ಣ ತೊಂದರೆ. ದೊಡ್ಡದು ಬೇರಿಂಗಿನ ತೊಂದರೆ. ಒಂದು ಗಾಲಿಗೆ 2 ಬೇರಿಂಗ್, ಒಂದು ಸ್ಕೇಟಿಗೆ 4 ಗಾಲಿ, ಅಂದರೆ ಒಂದು ಜೊತೆಗೆ 16. ಎಲ್ಲವೂ 608 ಅಳತೆಯವು, ಬೇರಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಆ ದಿನ ಒಬ್ಬ ಹುಡುಗಿಯ ಗಾಲಿಯನ್ನು ಬೆರಳಿನಿಂದ ತಿರುಗಿಸಿದರೆ ಎರಡೇ ಸುತ್ತಿಗೆ ನಿಂತಿತು. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಎಣ್ಣೆಗೆ ಧೂಳು ಅಂಟಿ ಒಳಗೆ ಸಾಣೆ ಹಿಟ್ಟಿನಂತಾಗಿತ್ತು. ಅಲೆನ್ ಕೀಯಿಂದ ಆಕ್ಸಲ್ ಬಿಚ್ಚಿ, ಬೇರಿಂಗ್ ಹೊರಗೆ ತಳ್ಳಿ, ಅದರ ತಗಡಿನ ಮುಚ್ಚಳ ತೆಗೆದು, ಸೀಮೆಎಣ್ಣೆ ತುಂಬಿದ ಬಾಟಲಿಯಲ್ಲಿ ಹಾಕಿ ಕುಲುಕಬೇಕು. ಎಣ್ಣೆ ಕಪ್ಪಾಗುವುದು ನಿಲ್ಲುವವರೆಗೆ ಎರಡು ಮೂರು ಸಲ ಬದಲಿಸಬೇಕು. ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ. ಎರಡು ಹನಿ ಬಿಟ್ಟರೆ ಮತ್ತೆ ಧೂಳನ್ನು ಕರೆದಂತೆ.

ಐಸಿನ ಮೇಲೆ ಇದೇ ಜಾಗದಲ್ಲಿ ಬರುವುದು ಬ್ಲೇಡ್ ಹರಿತ ಮಾಡುವ ಕೆಲಸ. ಬ್ಲೇಡಿನ ತಳ ಚಪ್ಪಟೆಯಲ್ಲ. ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ, ಹಾಗಾಗಿ ಒಳಗೊಂದು ಹೊರಗೊಂದು ಎರಡು ಅಂಚು ಏಳುತ್ತವೆ. ಆ ಕೊರೆತದ ತ್ರಿಜ್ಯ ಅರ್ಧ ಇಂಚಿನ ಆಸುಪಾಸು ಇರುವುದು ಸಾಮಾನ್ಯ. ತ್ರಿಜ್ಯ ಚಿಕ್ಕದಾದಷ್ಟೂ ಅಂಚು ಐಸನ್ನು ಹೆಚ್ಚು ಕಚ್ಚುತ್ತದೆ, ದೊಡ್ಡದಾದಷ್ಟೂ ಸ್ಕೇಟ್ ಸಲೀಸಾಗಿ ಜಾರುತ್ತದೆ. ಆಟಗಾರನಿಗೆ ತನ್ನ ಒಂದು ಜೊತೆಯ ಲೆಕ್ಕ ಸಾಕು. ವಿಶ್ವ ಚಾಂಪಿಯನ್‌ಶಿಪ್‌ಗೆ ತಂಡ ಕರೆದೊಯ್ಯುವ ಕೋಚ್ 22 ಆಟಗಾರರ, 3 ಗೋಲಿಗಳ (ಗೋಲ್ ಕಾಯುವವರ) ಕಾಲಿನ ಬಗ್ಗೆ ಯೋಚಿಸಬೇಕು. ಬೇರೆ ದೇಶಕ್ಕೆ ಹೋದ ಕೋಚ್ ಮೊದಲ ದಿನವೇ ಸಾಮಾನು ನೋಡಿಕೊಳ್ಳುವವನ ಹತ್ತಿರ ಕೂತು ಮಾತಾಡಬೇಕು ಅನ್ನುವುದು ಅದಕ್ಕೇ.

6 ಗಂಟೆಗೆ ಹುಡುಗ ಸೀಟಿ ಊದಿದ. ಮೊದಲ 20 ನಿಮಿಷ ಒಳ್ಳೆಯ ಆಟಗಾರರೆಲ್ಲ ಮಾಡುವ ತಪ್ಪನ್ನೇ ಮಾಡಿದ: ತಾನು ಮಾಡಿ ತೋರಿಸಿದ, ಅದೂ ಪೂರ್ತಿ ವೇಗದಲ್ಲಿ. ಮಕ್ಕಳು ಬಾಯಿ ತೆರೆದು ನೋಡಿದರು, ಚಪ್ಪಾಳೆ ಹೊಡೆದರು. ಅವರ ಸರದಿ ಬಂದಾಗ ಯಾರಿಗೂ ಬರಲಿಲ್ಲ. "ಏನ್ ಸರ್, ಇಷ್ಟು ಚಂದ ತೋರ್ಸೀನಿ, ಮಾಡವಲ್ಲರು" ಅಂತ ಬೇಲಿಯ ಹತ್ತಿರ ಬಂದು ನಿಂತ.

ಕ್ರಾಸ್‌ಓವರ್ (ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುತ್ತಾ ಹೋಗುವುದು) ಅವನ ಕಾಲಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಅದನ್ನು ತುಂಡು ಮಾಡಿ ಕೊಡಬೇಕು. ಸುಣ್ಣದ ಕಡ್ಡಿಗೆ 4.5 ಮೀಟರ್ ಹಗ್ಗ ಕಟ್ಟಿ ನೆಲದ ಮೇಲೆ ಒಂದು ವೃತ್ತ ಎಳೆದೆವು. ಐಸ್ ರಿಂಕಿನಲ್ಲಿ ಪಕ್ ಬಿಟ್ಟು ಆಟ ಶುರು ಮಾಡುವ ಫೇಸ್‌ಆಫ್ ವೃತ್ತದ ತ್ರಿಜ್ಯವೂ ಅಷ್ಟೇ. ಮೊದಲ ತುಂಡು ಮಂಡಿ ಮಡಿಸುವುದು: ನಿಂತಲ್ಲೇ ಕೆಳಗೆ ನೋಡಿದರೆ ಮಂಡಿ ಕಾಲ್ಬೆರಳನ್ನು ಮುಚ್ಚಿರಬೇಕು. ಮಕ್ಕಳು ಮಂಡಿಯ ಬದಲು ಸೊಂಟ ಬಗ್ಗಿಸುತ್ತಾರೆ, ಭಾರ ಮುಂದಕ್ಕೆ ಹೋಗಿ ಮೂಗಡಿಯಾಗಿ ಬೀಳುತ್ತಾರೆ. ಎರಡನೆಯದು ಎಡಕ್ಕೆ ತಿರುಗುವಾಗ ಎಡಗಾಲಿನ ಹೊರ ಅಂಚಿನ ಮೇಲೆ ಭಾರ ಹಾಕಿ ಹೋಗುವುದು, ಬರೀ ಆ ಒಂದೇ ಕಾಲಿನ ಮೇಲೆ ಎರಡು ಎಣಿಕೆ. ಮೂರನೆಯದು ಬಲಗಾಲು ಮೇಲೆ ದಾಟುವುದು. ಮೆಟ್ಟಿಲು ಹತ್ತುವ ಹಾಗೆ ಎತ್ತಬಾರದು, ನೆಲದಿಂದ ನಾಲ್ಕು ಬೆರಳು ಎದ್ದರೆ ಸಾಕು. ನಾಲ್ಕನೆಯದು ಎಲ್ಲರೂ ಬಿಟ್ಟುಬಿಡುವುದು: ಕೆಳಗೆ ಉಳಿದ ಎಡಗಾಲು ಸುಮ್ಮನಿರದೆ ವೃತ್ತದ ಹೊರಕ್ಕೆ ತಳ್ಳಬೇಕು. ವೇಗ ಬರುವುದು ಆ ತಳ್ಳುವಿಕೆಯಿಂದಲೇ. ಇದನ್ನು ಬಿಟ್ಟ ಮಗು ಕಾಲು ದಾಟಿಸುತ್ತದೆ, ಮುಂದೆ ಹೋಗುವುದಿಲ್ಲ.

ನಿಲ್ಲುವುದನ್ನು ಕಲಿಸುವಾಗ ಇನ್ನೊಂದು ಎಡವಟ್ಟಾಯಿತು. ಐಸ್ ಹಾಕಿಯ ವೀಡಿಯೊ ನೋಡಿ ಬೆಳೆದವನು ಅದರಲ್ಲಿದ್ದಂತೆಯೇ ಎರಡೂ ಕಾಲು ಅಡ್ಡ ತಿರುಗಿಸಿ ನಿಲ್ಲಲು ಹೇಳಿದ. ಐಸಿನ ಮೇಲೆ ಬ್ಲೇಡ್ ಅಡ್ಡವಾದರೆ ಐಸನ್ನು ಹೆರೆಯುತ್ತಾ ನಿಧಾನವಾಗುತ್ತದೆ. ಸಿಮೆಂಟಿನ ಮೇಲೆ ಗಾಲಿ ಹೆರೆಯುವುದಿಲ್ಲ, ಗಪ್ಪನೆ ಹಿಡಿದುಕೊಳ್ಳುತ್ತದೆ. ಕಾಲು ನಿಂತು ಮೈ ಮುಂದಕ್ಕೆ ಹೋಗುತ್ತದೆ. ಒಬ್ಬ ಹುಡುಗ ಹಾಗೇ ಬಿದ್ದ, ಮೊಣಕೈ ಪ್ಯಾಡ್ ಇದ್ದದ್ದರಿಂದ ಚರ್ಮ ಉಳಿಯಿತು. ಇಲ್ಲಿಗೆ ಸರಿಯಾದದ್ದು ಟಿ-ಸ್ಟಾಪ್: ಹಿಂದಿನ ಪಾದವನ್ನು ಅಡ್ಡ ಇಟ್ಟು ಹಗುರಾಗಿ ಎಳೆಯುವುದು, ಭಾರ ಹೆಚ್ಚುಕಡಿಮೆ ಪೂರ್ತಿ ಮುಂದಿನ ಕಾಲ ಮೇಲೆ. ಹಿಂದಿನ ಕಾಲಿಗೆ ಭಾರ ಬಿದ್ದರೆ ಮೈ ಗಿರ್ರನೆ ತಿರುಗಿಬಿಡುತ್ತದೆ. ಬೇರೆ ಜಾಗದಿಂದ ತಂದದ್ದನ್ನು ಹಾಗೇ ಇಳಿಸಬಾರದು, ಯಾವುದು ನೆಲದ್ದು ಯಾವುದು ಆಟದ್ದು ಅಂತ ಬೇರ್ಪಡಿಸಿಕೊಳ್ಳಬೇಕು. ದೇಶ ದಾಟುವ ಕೋಚ್ ಮಾಡುವುದೂ ಇದನ್ನೇ.

ಜಿಮ್ ಪೇಕ್ ಅವರ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಡಿಫೆನ್ಸ್ ಆಟಗಾರ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಜೊತೆ 1991 ಮತ್ತು 1992ರಲ್ಲಿ, ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದವರು. ಆಟ ಬಿಟ್ಟ ಕೂಡಲೇ ದೇಶದ ತಂಡ ಹಿಡಿಯಲಿಲ್ಲ. ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿದ್ದು, 2014ರಲ್ಲಿ ದಕ್ಷಿಣ ಕೊರಿಯಾಕ್ಕೆ ಹೋದರು. ಆ ವರ್ಷವೇ ಕೊರಿಯಾ ವಿಶ್ವ ಚಾಂಪಿಯನ್‌ಶಿಪ್‌ನ ಹಂತಗಳಲ್ಲಿ ಒಂದು ಹಂತ ಕೆಳಗೆ ಬಿದ್ದಿತ್ತು. 2017ರಲ್ಲಿ ಕೀವ್‌ನಲ್ಲಿ ಮೊದಲ ಬಾರಿಗೆ ಅತ್ಯುನ್ನತ ಹಂತಕ್ಕೆ ಏರಿತು. 2018ರ ತವರಿನ ಒಲಿಂಪಿಕ್ಸ್‌ನಲ್ಲಿ ನಾಲ್ಕೂ ಪಂದ್ಯ ಸೋತರು ನಿಜ, ಆದರೆ ಚೆಕ್ ತಂಡದೆದುರು 1-2ರ ಸೋಲು ಸಣ್ಣ ಮಾತಲ್ಲ. ಎಲ್ಲರಿಗೂ ಇದೇ ದಾರಿ ಅಂತೇನಿಲ್ಲ. ಎನ್‌ಎಚ್‌ಎಲ್‌ನಲ್ಲಿ 938 ಪಂದ್ಯ ಆಡಿದ ಮಾರ್ಕೊ ಸ್ಟುರ್ಮ್ 2015ರಲ್ಲಿ ನೇರವಾಗಿ ತನ್ನ ದೇಶ ಜರ್ಮನಿಯ ಕೋಚ್ ಆದರು, 2018ರಲ್ಲಿ ತಂಡಕ್ಕೆ ಒಲಿಂಪಿಕ್ ಬೆಳ್ಳಿ ಬಂತು. ಕೆನಡಾದ ಕ್ರೇಗ್ ರ‍್ಯಾಮ್ಸಿ ಸತತ 776 ಎನ್‌ಎಚ್‌ಎಲ್ ಪಂದ್ಯ ತಪ್ಪಿಸದೆ ಆಡಿದ ಗಟ್ಟಿಗ. ಅವರು 2017ರಲ್ಲಿ ಸ್ಲೊವಾಕಿಯಾ ತಂಡ ಹಿಡಿದರು, 2022ರ ಬೀಜಿಂಗ್‌ನಲ್ಲಿ ಸ್ವೀಡನ್‌ನ್ನು 4-0ಯಿಂದ ಸೋಲಿಸಿ ಆ ದೇಶಕ್ಕೆ ಐಸ್ ಹಾಕಿಯ ಮೊದಲ ಒಲಿಂಪಿಕ್ ಪದಕ ಸಿಕ್ಕಿತು. ಇವರೆಲ್ಲರೂ ದೊಡ್ಡ ಆಟಗಾರರಾಗಿದ್ದರು. ಆದರೆ ಕೋಚ್ ಆಗಿ ಬೆಂಚಿನ ಹಿಂದೆ ನಿಂತಾಗ ಆ ಆಟ ಅವರ ಪರವಾಗಿ ಒಂದು ಪಕ್ಕೂ ಹೊಡೆಯಲಾರದು.

ಭಾಷೆಯ ಮಾತಿಗೆ ಬಂದರೆ ನಮ್ಮ ರಿಂಕೇ ಒಂದು ಪುಟ್ಟ ದೇಶ. ಆ 16 ಮಕ್ಕಳಲ್ಲಿ ಮನೆಮಾತು ಕನ್ನಡದವರು, ತೆಲುಗಿನವರು, ಕೌಲ್ ಬಜಾರಿನಿಂದ ಬರುವ ಉರ್ದುವಿನವರು, ಎಲ್ಲ ಇದ್ದರು. ಮೊದಲ ಡ್ರಿಲ್ ವಿವರಿಸಲು ಅವನಿಗೆ 3 ನಿಮಿಷ ಹಿಡಿಯಿತು, ಅದೂ ಮೂರು ಭಾಷೆಯಲ್ಲಿ. ಕೊನೆಯ ಸಾಲಿನವರು ಅಷ್ಟರಲ್ಲಿ ಸ್ಟಿಕ್ಕಿನಿಂದ ಕತ್ತಿ ಕಾಳಗ ಶುರು ಮಾಡಿದ್ದರು. ಬೋರ್ಡಿನ ಮೇಲೆ ಗೆರೆ ಬರೆಯುವ ಪದ್ಧತಿ ಇರುವುದು ಇದಕ್ಕಾಗಿಯೇ: ನೇರ ಗೆರೆ ಅಂದರೆ ಪಕ್ ಇಲ್ಲದೆ ಓಟ, ಅಲೆಯಂಥ ಗೆರೆ ಅಂದರೆ ಪಕ್ ಜೊತೆ ಓಟ, ತುಂಡು ಗೆರೆ ಪಾಸ್, ಜೋಡಿ ಗೆರೆ ಶಾಟ್. ಫಿನ್‌ಲೆಂಡಿನಲ್ಲಿ ಕಲಿತವನೂ ಕೆನಡಾದಲ್ಲಿ ಕಲಿತವನೂ ಇದನ್ನು ಓದಿಕೊಳ್ಳಬಲ್ಲರು. ಮಕ್ಕಳು ಒಂದು ಮಂಡಿ ಊರಿ ಅರ್ಧ ವೃತ್ತದಲ್ಲಿ ಕೂರಬೇಕು, ಎಲ್ಲರ ಬೆನ್ನೂ ರಿಂಕಿನ ಕಡೆಗೆ, ಬಿಸಿಲು ಕಣ್ಣಿಗೆ ಬೀಳದ ಹಾಗೆ. ಗೆರೆ ಎಳೆಯುವುದು, ಹೇಳುವುದು ಎರಡೂ ಸೇರಿ 30 ಸೆಕೆಂಡ್ ದಾಟಬಾರದು.

ಕೂಗುವ ಮಾತುಗಳು ಬೇರೆ. ಐಸ್ ಹಾಕಿಯಲ್ಲಿ ತಮ್ಮ ಗೋಲಿನ ಹಿಂದಿನಿಂದ ಪಕ್ ಹೊರತರುವಾಗ ಜೊತೆಗಾರ ಕೂಗುವ ನಾಲ್ಕು ಪದಗಳಿವೆ: ವೀಲ್ ಅಂದರೆ ನೀನೇ ಗೋಲ್ ಸುತ್ತಿ ಓಡು, ಓವರ್ ಅಂದರೆ ಜೊತೆಯ ಡಿಫೆನ್ಸ್‌ಗೆ ಕೊಡು, ಅಪ್ ಅಂದರೆ ಗೋಡೆಯ ಪಕ್ಕದವನಿಗೆ ಬೇಗ ಕೊಡು, ರಿವರ್ಸ್ ಅಂದರೆ ಬಂದ ದಾರಿಗೇ ಹಿಂದಕ್ಕೆ ಬಿಡು. ಪಕ್ ಹಿಡಿದವನ ಕಣ್ಣು ಗೋಡೆ ಕಡೆ, ಬೆನ್ನು ಎದುರಾಳಿ ಕಡೆ ಇರುತ್ತದೆ. ಅವನಿಗೆ ಕಣ್ಣಾಗುವುದು ಈ ಪದಗಳೇ. ಇವಕ್ಕೆ ಮಕ್ಕಳಿಂದಲೇ ಪದ ಕೇಳಿದ. ಮೊದಲು ಬಂದದ್ದು "ಈ ಕಡೆ", "ಆ ಕಡೆ". ಆಡಿ ನೋಡಿದರೆ ಗದ್ದಲದಲ್ಲಿ "ಕಡೆ" ಒಂದೇ ಕೇಳಿಸಿ ಪಕ್ ಎದುರಾಳಿಗೆ ಸಿಕ್ಕಿತು. ಒಂದಕ್ಕೊಂದು ಪ್ರಾಸವಾಗುವ ಪದ ಮೈದಾನಕ್ಕೆ ಆಗದು. ಕೊನೆಗೆ "ಸುತ್ತು", "ಜೋಡಿ", "ಮ್ಯಾಲೆ", "ಹಿಂದ" ನಿಂತವು. ಎರಡೆರಡೇ ಅಕ್ಷರ, ನಾಲ್ಕಕ್ಕೂ ಬೇರೆ ಬೇರೆ ದನಿ, ಬಳ್ಳಾರಿಯ ಯಾವ ಓಣಿಯ ಮಗುವಿಗೂ ಗೊತ್ತಿರುವ ಪದಗಳು.

ಇನ್ನು ಸಾಲಿನ ಲೆಕ್ಕ. 16 ಮಕ್ಕಳು ಒಂದೇ ಸಾಲಿನಲ್ಲಿ, ಒಬ್ಬರಿಗೆ 15 ಸೆಕೆಂಡ್ ಅಂದರೆ ಒಂದು ಮಗುವಿಗೆ 4 ನಿಮಿಷಕ್ಕೊಂದು ಸರದಿ. ನಾಲ್ಕು ಮೂಲೆಗೆ ನಾಲ್ಕು ನಾಲ್ಕು ಮಕ್ಕಳನ್ನು ಹಂಚಿದರೆ ನಿಮಿಷಕ್ಕೊಂದು. ರಿಂಕ್ ಅದೇ, ಹೊತ್ತು ಅದೇ, ಆಟ ನಾಲ್ಕು ಪಟ್ಟು. ದೇಶದ ತಂಡದ ಕೋಚ್‌ಗೆ ಈ ಲೆಕ್ಕ ಇನ್ನೂ ಬಿಗಿ. ಆಟಗಾರರು ವರ್ಷವಿಡೀ ತಮ್ಮ ಕ್ಲಬ್ಬಿನವರು. ನಡುವಿನ ಸಣ್ಣ ಬಿಡುವುಗಳಲ್ಲಿ ಕೈಗೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಸ್ಕೇಟಿಂಗ್ ತಿದ್ದಲು ಆಗದು. ಎದುರಾಳಿಯ ಮೇಲೆ ಎಲ್ಲಿಂದ ಒತ್ತಡ ಹಾಕಬೇಕು, ತಪ್ಪು ಮಾಡಿದ ಆಟಗಾರ ಹೊರಗೆ ಕೂರುವ 2 ನಿಮಿಷದ ಪೆನಾಲ್ಟಿಯಲ್ಲಿ 5 ಜನ 4 ಜನರೆದುರು ಹೇಗೆ ನಿಲ್ಲಬೇಕು, ತಾವೇ 4 ಜನರಾದಾಗ ಹೇಗೆ ತಡೆಯಬೇಕು, ಇಷ್ಟನ್ನು ಆರಿಸಿಕೊಂಡು ಉಳಿದದ್ದನ್ನು ಬಿಡುವ ಧೈರ್ಯ ಬೇಕು. ಕ್ಲಬ್ಬಿನ ಕೋಚ್ ಆಗಿ ಪಳಗಿದವರಿಗೂ ಕಷ್ಟವಾಗುವುದು ಈ ಬಿಡುವ ಕೆಲಸವೇ.

ಗೋಲಿಯನ್ನು ಮಾತ್ರ ಅವನು ಕೊನೆವರೆಗೂ ಮರೆತಿದ್ದ. ಆಟಗಾರನಾಗಿದ್ದವನಿಗೆ ಗೋಲಿ ಅಂದರೆ ಗುರಿ, ಅಷ್ಟೆ. ಕೋಚ್‌ಗೆ ಗೋಲಿಯೂ ಬಿಸಿಯೇರಬೇಕಾದ ಒಂದು ಮೈ. ಮೊದಲ ಹೊಡೆತಗಳು ದೂರದಿಂದ, ಎದೆಯ ಮಟ್ಟಕ್ಕೆ. ಒಂದು ಹಿಡಿದು ಮತ್ತೆ ನೆಟ್ಟಗೆ ನಿಂತ ಮೇಲೆಯೇ ಇನ್ನೊಂದು. 1.83 ಮೀಟರ್ ಅಗಲ, 1.22 ಮೀಟರ್ ಎತ್ತರದ ಗೋಲಿನ ಮುಂದೆ ನಿಂತ 11 ವರ್ಷದ ಹುಡುಗಿಗೆ ಹತ್ತಿರದಿಂದ ಸಾಲಾಗಿ ಹೊಡೆದರೆ ಆಕೆ ಕಲಿಯುವುದು ಕಣ್ಣು ಮುಚ್ಚುವುದನ್ನು.

ನಮ್ಮ ದೇಶದಲ್ಲೇ ಐಸ್ ಹಾಕಿ ಆಡುವ ಲಡಾಖಿನ ಮಾತೂ ಬಂತು. ಭಾರತ 1989ರಿಂದ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ. 2018ರಲ್ಲಿ ಕೆನಡಾದ ಹೆಸರಾಂತ ಆಟಗಾರ್ತಿ ಹೇಲಿ ವಿಕೆನ್‌ಹೈಸರ್ ಅಲ್ಲಿಗೆ ಬಂದು ಹುಡುಗಿಯರಿಗೆ ಕಲಿಸಿದ್ದರು. 2025ರಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನಲ್ಲಿ ಕಂಚು ತಂದರು. "ನಾನೂ ಹೋಗಬೋದೇನ್ರಿ ಅಲ್ಲಿಗೆ?" ಅಂದ. ಹೋಗಬಹುದು. ಮೊದಲು ಯಾರಾದರೂ ಅನುಭವಿ ಕೋಚ್‌ಗೆ ಸಹಾಯಕನಾಗಿ, ಪಕ್ ಹೆಕ್ಕುತ್ತಾ, ವೀಡಿಯೊ ತುಂಡು ಮಾಡಿ ಕೊಡುತ್ತಾ. ಜೊತೆಗೆ ಐಸಿನ ಮೇಲೆ ಹೊಸದಾಗಿ ನಿಲ್ಲಲು ಕಲಿಯಬೇಕು, ಗಾಲಿಯ ಅಭ್ಯಾಸವನ್ನು ಅಂಚಿಗೆ ಬದಲಿಸಿಕೊಳ್ಳಬೇಕು.

7.30ಕ್ಕೆ ಮಕ್ಕಳು ಹೋದರು. ಕೋಟೆ ಗುಡ್ಡದ ಬಂಡೆಯ ಮೇಲೆ ಬಿಸಿಲು ಪೂರ್ತಿ ಇಳಿದಿತ್ತು. ಮೆಟ್ಟಿಲ ಮೇಲೆ ಕೂತು, ಒಗ್ಗರಣಿ ಮಿರ್ಚಿ ತಿನ್ನುತ್ತಾ, ಮುಂದಿನ ಭಾನುವಾರದ ಹಾಳೆ ಬರೆಯತೊಡಗಿದ. ಮೊದಲ ಸಲ 11 ಡ್ರಿಲ್ ಬರೆದ. ಒಂದೊಂದರ ಪಕ್ಕ ನಿಮಿಷ ಹಾಕಿ ಕೂಡಿದಾಗ 2 ಗಂಟೆ ದಾಟಿತು. ಹೊಡೆದು ಹಾಕುತ್ತಾ ಹಾಕುತ್ತಾ 5ಕ್ಕೆ ಇಳಿಸಿದ. ಆಮೇಲೆ ಬಲಗಡೆ ಇನ್ನೊಂದು ಗೆರೆ ಎಳೆದು, ಪ್ರತಿ ಡ್ರಿಲ್ಲಿನ ಎದುರಿಗೆ ತಾನು ಮಾತಾಡುವ ಹೊತ್ತು ಬರೆದುಕೊಂಡ: 30, 30, 20, 20, 10 ಸೆಕೆಂಡ್. ಹಾಳೆಯ ತುದಿಯಲ್ಲಿ, ಮರೆಯದ ಹಾಗೆ ದಪ್ಪ ಅಕ್ಷರದಲ್ಲಿ, ಆ ಗೋಲಿ ಹುಡುಗಿಯ ಹೆಸರು.